ಕುಂಡದಡಿಯ ಗುಂಡುಹುಳ ಮತ್ತು ಕಾಕು

ಜುಲೈ ೬, ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಮುಟ್ಟಿದರೆ ಗುಂಡಾಗುವ ಬೂದು ಹುಳ ಈ ಠಾಣೆ ಜಿಲ್ಲೆಯ ಸೀಮೆಯದೋ, ಹೊರಗಿನಿಂದ ಬಂದದ್ದೋ ಎಂದು ಹುಡುಕಲು ಹೊರಟೆ. ಡೊಂಬಿವಲಿ, ದಿವಾ, ಕಲ್ಯಾಣ, ವಾಶಿಯ ಒಂಬತ್ತು ಪರಿಚಯದ ಮನೆಗಳ ಕುಂಡಗಳಲ್ಲೂ ಅದೇ ಸಿಕ್ಕಿತು. ಆ ಮನೆಗಳ ಪಟ್ಟಿಯ ಕೆಳಗೆ ‘ಈ ಸೀಮೆಯದೇ’ ಎಂದು ಬರೆದು, ಆಗ ಕೆಳಮನೆಯಲ್ಲಿದ್ದ, ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಧಾರವಾಡದ ಹೆಂಗಸಿಗೆ ತೋರಿಸಿದೆ.

ಯಾರು ಹೊಸಮನೆಗೆ ಹೋದರೂ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ತುಳಸಿ ಸಸಿಯನ್ನು ತಲೆಯ ಮೇಲೆತ್ತಿ ಹಿಡಿದು ಒಯ್ದು ಕೊಡುತ್ತಿದ್ದವರು ಅವರು. “ಮಣ್ಣ ಸಮೇತ ಹಚ್ಚರಿ, ಬೇರು ಅಲುಗಬಾರ್ದು” ಎನ್ನುತ್ತಿದ್ದರು.

ಕನ್ನಡಕ ಏರಿಸಿ ಓದಿದರು. “ತಂಗೀ, ಈ ಒಂಬತ್ತೂ ಮನಿಗೆ ತುಳಸಿ ಕೊಟ್ಟಾಕಿ ನಾನ. ಮಣ್ಣು ಧಾರವಾಡದ್ದು. ನಿನ್ನ ಹುಳ ಟಿಕೀಟ ಇಲ್ಲದ ಬಂದಿರಬೇಕು!”

ಬರೆದದ್ದನ್ನು ಹೊಡೆದುಹಾಕಿದೆ. ಠಾಣೆ ಕಡೆ ಆ ಕಾಕುವಿನ ತುಳಸಿ ತಲುಪದ ಮನೆ ಯಾರದಾದರೂ ಇದ್ದರೆ, ಕುಂಡ ಎತ್ತಿ ನೋಡಿ, ದಯವಿಟ್ಟು ಬರೆದು ತಿಳಿಸಿ.