ಇಂದೂತಾಯಿಯ ಕೈಗನ್ನಡಿ

ಮಾತು ಬಂದ ಯಾವ ಮಗುವೇ ಬರಲಿ, ಇಂದೂತಾಯಿ ಮೊದಲು ಸ್ಟೆತಾಸ್ಕೋಪ್ ಹಿಡಿಯುತ್ತಿರಲಿಲ್ಲ. ಪುಟ್ಟ ಕೈಗನ್ನಡಿಯೊಂದನ್ನು ಅದರ ಮೂಗಿನ ಕೆಳಗೆ ಹಿಡಿದು, "ಪಪ್ಪಾಯಿ ಅನ್ನು" ಎನ್ನುತ್ತಿದ್ದರು. ಧಾರವಾಡದ ಕಡೆಯವರು, ಪುಣೆ ಹತ್ತಿರದ ಚಿಂಚವಾಡದಲ್ಲಿ ಮಕ್ಕಳ ಡಾಕ್ಟರು.

ಮಗಳು ಪಲ್ಲವಿಯನ್ನು ಅಲ್ಲಿಗೆ ಕರೆದೊಯ್ಯುವ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಐದು ತುಂಬಿದ್ದರೂ ಅವಳ ಮಾತೆಲ್ಲ ಮೂಗಿನಿಂದ. 'ಪಪ್ಪ' ಅಂದರೆ 'ಮಮ್ಮ' ಎಂದು ಕೇಳುತ್ತಿತ್ತು. ಕಂಡ ಡಾಕ್ಟರೆಲ್ಲ ಬಾಯಿಗೆ ಬ್ಯಾಟರಿ ಬಿಟ್ಟು, ಏನೂ ಇಲ್ಲ ಎಂದಿದ್ದರು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಅದಕ್ಕೇ ನಾಲಿಗೆ ತಿರುಗುತ್ತಿಲ್ಲ ಎಂದು ಶಾಲೆಯವರೂ ನೆರೆಯವರೂ ತೀರ್ಪು ಕೊಟ್ಟರು. ಸಲಹೆ ಕೊಡಲು ಯಾರಿಗೇನು ಖರ್ಚು? ಮನೆಯಲ್ಲೂ ಮರಾಠಿಯನ್ನೇ ಹಿಡಿದೆವು. ಮರಾಠಿ ಬಾರದ ನಮ್ಮತ್ತೆ ಮೊಮ್ಮಗಳ ಮುಂದೆ ಮೂಕರಾದರು. ಮಗಳ ಮಾತು ಮಾತ್ರ ಇದ್ದಂತೆಯೇ ಇತ್ತು.

ಪಲ್ಲವಿ 'ಪಪ್ಪಾಯಿ' ಎಂದಾಗ, ಬಾಯಿಂದ ಹೋಗಬೇಕಾದ ಉಸಿರು ಮೂಗಿನಿಂದ ಬಂದು ಕನ್ನಡಿ ಮಂಜಾಯಿತು. ಇಂದೂತಾಯಿ ಕೈಗವಸು ಹಾಕಿಕೊಂಡು, ಕಿರುಬೆರಳಿನಿಂದ ಅವಳ ಅಂಗುಳವನ್ನು ಹಿಂದಿನವರೆಗೂ ಮೆಲ್ಲಗೆ ಸವರಿದರು. ಕೂಸಿದ್ದಾಗ ಹಾಲು ಮೂಗಿನಿಂದ ಬರುತ್ತಿತ್ತೇ ಎಂದು ಕೇಳಿದರು. ಬರುತ್ತಿತ್ತು, ನೆತ್ತಿಗೇರಿತೆಂದು ನಾವು ತಲೆ ತಟ್ಟಿ ಸುಮ್ಮನಾಗುತ್ತಿದ್ದೆವು.

"ಅಂಗುಳ ಒಳಗ ಸೀಳೇದ, ಮ್ಯಾಲ ತೊಗಲು ಮುಚ್ಚೇದ. ಕಣ್ಣಿಗೆ ಕಾಣೂದಿಲ್ರಿ, ಬೆರಳಿಗೆ ಸಿಗತದ," ಎಂದರು. ಕನ್ನಡ ಬಿಟ್ಟ ಕತೆ ಕೇಳಿ ಅವರಿಗೆ ಸಿಟ್ಟೇ ಬಂತು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೀರಲ್ರಿ. ಇವತ್ತಿಂದ ಅಜ್ಜಿ ಮಾತಾಡ್ಲಿ."

ಆಪರೇಷನ್ ಆಯಿತು. ಆಮೇಲೆ ಮಾತಿನ ತಾಲೀಮು ವರ್ಷಗಟ್ಟಲೆ. ಮಗಳ ಕೈ ಹಿಡಿದು ಲೋಕಲ್ ರೈಲು ಹತ್ತಿ ಇಳಿದು ನಾನು ಹಣ್ಣಾಗಿಹೋದೆ. ಬೇಸತ್ತು ಬಿಟ್ಟುಬಿಡುತ್ತೇನೆ ಎಂದಾಗಲೆಲ್ಲ ಇಂದೂತಾಯಿ ಚಹಾ ತರಿಸುತ್ತಿದ್ದರು, ಬುದ್ಧಿ ಹೇಳುತ್ತಿರಲಿಲ್ಲ.

ಕೊನೆಯ ಸಲ ಹೋದಾಗ ಅವರೇ ಸೊರಗಿದ್ದರು. ಕುಳಿತಲ್ಲಿಂದಲೇ ಕನ್ನಡಿ ಹಿಡಿದರು. ಪಲ್ಲವಿ 'ಪಪ್ಪಾಯಿ' ಎಂದಳು, ಕನ್ನಡಿ ಮಂಜಾಗಲಿಲ್ಲ. ಆದರೂ ಅದನ್ನು ಸೆರಗಿನಿಂದ ಒರೆಸಿ, "ನನ್ನ ಕೆಲಸ ಮುಗೀತವಾ," ಎಂದರು.

ಈಗ ಆ ದವಾಖಾನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅವರು ತೀರಿಕೊಂಡ ಸುದ್ದಿ ಬಂದಾಗ ಅತ್ತೆಗೆ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದೆ. ಪಲ್ಲವಿಯೇ ಅಜ್ಜಿಯ ಪಕ್ಕ ಕುಳಿತಳು.

"ಅಜ್ಜಿ, ಪಪ್ಪಾಯಿ ಡಾಕ್ಟರ್ ಹೋದ್ರು."

ಒಂದಕ್ಷರವೂ ಮೂಗಿಗೆ ಹೋಗಲಿಲ್ಲ. ಅಷ್ಟು ಸ್ವಚ್ಛ ಕೇಳಿಸಿದ್ದಕ್ಕೇ ನನಗೆ ಅಳು ತಡೆಯಲಾಗಲಿಲ್ಲ.