ಕೈಗವಸು ತೊಟ್ಟ ಕುಂದಾಪುರ

ನಮ್ಮ ಗೇರುಬೀಜದ ಕಾರ್ಖಾನೆಯ ಸಾಹುಕಾರ್ರಿಗೆ ಕುಂದಾಪುರವನ್ನು ಸಿಟಿ ಅನ್ನದಿದ್ದರೆ ಸಮಾಧಾನವಿಲ್ಲ. ಬೀಜ ಕೊಳ್ಳುವವನೊಬ್ಬ ಹಾಲೆಂಡಿನಿಂದ ಮೊದಲ ಸಲ ಬರುತ್ತಾನೆಂದು ತಿಳಿದದ್ದೇ ತಡ, ಬೀಜದ ಕೆಂಪು ಸಿಪ್ಪೆ ಬಿಡಿಸುವ ಹೆಂಗಸರಿಗೆಲ್ಲ ಹೊಸ ಟೊಪ್ಪಿ, ದಪ್ಪ ರಬ್ಬರ್ ಕೈಗವಸು ಬಂತು. ಇಂಗ್ಲಿಷ್ ಬಲ್ಲ ಮೇಸ್ತ್ರಿ ಅಂತ ಅತಿಥಿಯ ಮಾತು ತಿಳಿಸುವ ಕೆಲಸದ ಜೊತೆಗೆ ಇದನ್ನೆಲ್ಲ ತೊಡಿಸುವ ಕೆಲಸವೂ ನನ್ನ ತಲೆಗೇ ಬಿತ್ತು.

"ಇದನ್ನ್ ಹಾಯ್ಕಂಡ್ ಸಿಪ್ಪೆ ತೆಗುಕಾತ್ತಾ? ಸಾಹುಕಾರ್ರೇ ಒಂದ್ ಬೀಜ ತೆಗ್ದ್ ತೋರ್ಸ್ಲಿ ಕಾಂಬ" ಅಂದರು ಗಿರಿಜಕ್ಕ. ಇಪ್ಪತ್ತು ವರ್ಷದಿಂದ ಉಗುರಿನ ತುದಿಯಲ್ಲೇ ಬೀಜ ಬಿಡಿಸುತ್ತ ಬಂದವರು.

"ಇವತ್ತೊಂದ್ ದಿನ ಹಾಯ್ಕಣಿ" ಅಂದೆ, ನಾಚಿಕೆಯಿಲ್ಲದೆ.

ಅತಿಥಿ ಬಂದ, ಫೋಟೋ ಆಯಿತು. "ನಮ್ಮ್ ಸಿಟಿ ಹ್ಯಾಂಗಿತ್ತ್ ಅಂದ್ ಕೇಣ್ ಮಾರಾಯ" ಅಂದರು ಸಾಹುಕಾರ್ರು ನನಗೆ. ಆತ ಗಿರಿಜಕ್ಕನ ತಟ್ಟೆಯನ್ನೇ ಬಗ್ಗಿ ನೋಡುತ್ತಿದ್ದ. ಅದರಲ್ಲಿ ಒಂದೂ ಇಡೀ ಬೀಜ ಇರಲಿಲ್ಲ, ಎಲ್ಲ ಚೂರು.

"ಊರು ಚೆನ್ನಾಗಿದೆ, ಬಹಳ ಶುಚಿ. ಇವರೆಲ್ಲ ಇವತ್ತೇ ಕೆಲಸಕ್ಕೆ ಸೇರಿದವರಾ?" ಅಂದ ಆತ ಇಂಗ್ಲಿಷಿನಲ್ಲಿ.

ಮೊದಲರ್ಧವನ್ನು ಮಾತ್ರ ಸಾಹುಕಾರ್ರಿಗೆ ಹೇಳಿದೆ. ಅವರು ಹಿಗ್ಗಿ ಎಳನೀರು ತರಿಸಲು ಹೊರಗೆ ಓಡಿದರು. ಉಳಿದರ್ಧ ಗಿರಿಜಕ್ಕನಿಗೆ ಹೇಳಿದೆ. ಅವರು ಕೈಗವಸು ಕಿತ್ತು ನನ್ನ ಕಾಲ ಬುಡಕ್ಕೆ ಎಸೆದು, ನೋಡನೋಡುತ್ತಿದ್ದಂತೆ ಐದು ಬೀಜ ಬಿಡಿಸಿ ಆತನ ಅಂಗೈಗೆ ಹಾಕಿದರು. ಐದೂ ಇಡಿ, ಬೆಳ್ಳಗೆ. ಆರ್ಡರು ಸಿಕ್ಕಿತು.

ಅದು ಕೈಗವಸಿನ ಮಹಿಮೆ ಅಂತಲೇ ಸಾಹುಕಾರ್ರು ಇವತ್ತಿಗೂ ನಂಬಿದ್ದಾರೆ. ಆ ದಿನದ ಫೋಟೋ ಅವರ ಆಫೀಸಿನ ಗೋಡೆಯಲ್ಲಿದೆ: ಹೊಸ ಟೊಪ್ಪಿ, ಹೊಸ ಕೈಗವಸು, ಎದುರಿಗೆ ತಟ್ಟೆ ತುಂಬ ಬೀಜದ ಚೂರು. ಬಂದ ಬೀಜದ ವ್ಯಾಪಾರಿಗಳು ಅದನ್ನು ನೋಡಿ ನಕ್ಕಾಗಲೆಲ್ಲ, ಮೆಚ್ಚಿದರು ಅಂದುಕೊಂಡು ಸಾಹುಕಾರ್ರು ಇನ್ನೊಂದು ಚಾ ತರಿಸುತ್ತಾರೆ.