ಇಲಿಯ ಕಾಲಿಗೆ ಹತ್ತಿ ಹೊದಿಸಿದ ಮುನಿಕೆಂಪಮ್ಮ

ಬೆಳಗಿನ ಆರು ಗಂಟೆ. ಹೆಬ್ಬಾಳದ ಸಂಶೋಧನಾಲಯವೊಂದರ ಇಲಿ ಕೋಣೆಯಲ್ಲಿ ಮುನಿಕೆಂಪಮ್ಮ ಒಂದೊಂದೇ ಪಂಜರದ ಹಳೆ ಹೊಟ್ಟು ತೆಗೆದು ಹೊಸದು ಹಾಸುತ್ತಿದ್ದಾರೆ. ಒಟ್ಟು ನೂರ ನಲವತ್ತು ಪಂಜರ. "ವಸಿ ಸರ್ಕೊಳ್ಳೆ ತಾಯಿ, ನಿನ್ ಮನೆ ಗುಡಿಸ್ಬೇಡ್ವಾ?" ಎಂದು ಒಂದು ಇಲಿಯನ್ನು ಗದರುತ್ತಾರೆ. ಅದೂ ಹೇಳಿದ ಮಾತು ಕೇಳುತ್ತದೆ ಅನ್ನಿ.

ಇಲ್ಲಿನ ವಿಜ್ಞಾನಿ ಪದ್ಮಶ್ರೀ ಹುಡುಕುತ್ತಿರುವುದು ರಕ್ತ ಹರಿಯದೆ ಸಾಯುವ ಕಾಲುಗಳಿಗೆ ಮದ್ದು. ನಮ್ಮ ಜೀವಕೋಶಗಳಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಪುಟಾಣಿ ತುಣುಕುಗಳಿವೆ. ಕೆಲವು ಹೊಸ ರಕ್ತನಾಳ ಚಿಗುರದಂತೆ ತಡೆಯುತ್ತವೆ. ಅಂಥದ್ದೊಂದರ ಬಾಯಿ ಮುಚ್ಚಿಸಿದರೆ ನಾಳ ಬೆಳೆದೀತೇ ಎಂಬುದು ಪರೀಕ್ಷೆ. ಅರಿವಳಿಕೆ ಕೊಟ್ಟು ಇಲಿಯ ಒಂದು ಹಿಂಗಾಲಿನ ರಕ್ತನಾಳ ಕಟ್ಟುತ್ತಾರೆ. ಅರ್ಧ ಇಲಿಗಳಿಗೆ ಮದ್ದು, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದೆಂದು ಮುನಿಕೆಂಪಮ್ಮನಿಗೆ ಹೇಳುವುದಿಲ್ಲ.

ಹೇಳದಿದ್ದರೇನು, ಯಾವ ಕಾಲು ತಣ್ಣಗಿದೆಯೆಂದು ಮುಟ್ಟಿದ ಬೆರಳಿಗೆ ಗೊತ್ತಾಗುತ್ತದೆ. ಹುಣಸಮಾರನಹಳ್ಳಿಯ ಮನೆಯಲ್ಲಿ ಗಂಡ ಆನಂದಪ್ಪನವರ ಎಡಗಾಲು ಹೀಗೆಯೇ ತಣ್ಣಗಾಗಿ, ಕಪ್ಪಾಗಿ, ಮೊಣಕಾಲ ಕೆಳಗೆ ಕತ್ತರಿಸಬೇಕಾಯಿತು. ಈಗ ಬಲಗಾಲೂ ತಣ್ಣಗಾಗುತ್ತಿದೆ. 2015ರ ಚಳಿಗಾಲದಲ್ಲಿ ಮುನಿಕೆಂಪಮ್ಮ ತಣ್ಣನೆಯ ಕಾಲಿನ ಇಲಿಗಳಿಗೆಲ್ಲ ಒಂದಿಷ್ಟು ಹತ್ತಿ ಹೊದಿಸಿದರು. ಪದ್ಮಶ್ರೀ ಅಳೆಯಲು ಬರುವ ಮುಂಚೆ ತೆಗೆದುಬಿಡುತ್ತಿದ್ದರು.

ತಣ್ಣಗಿದ್ದವು ಹೆಚ್ಚಾಗಿ ಉಪ್ಪುನೀರಿನ ಇಲಿಗಳೇ; ಹತ್ತಿಯಿಂದ ಬೆಚ್ಚಗಾಗಿ ಅವುಗಳ ಕಾಲಿನಲ್ಲೂ ರಕ್ತ ಹೆಚ್ಚು ಹರಿಯಿತು. ಅಳೆದರೆ ಮದ್ದಿಗೂ ಉಪ್ಪುನೀರಿಗೂ ವ್ಯತ್ಯಾಸವೇ ಇಲ್ಲ. "ಈ ಮದ್ದು ಕೆಲಸ ಮಾಡಲ್ಲ, ಬಿಟ್ಬಿಡೋಣ" ಎಂದು ಪದ್ಮಶ್ರೀ ಹೇಳಿದ್ದು ಕಿವಿಗೆ ಬಿದ್ದಾಗ, ಇದು ತನ್ನ ಹತ್ತಿಯದೇ ಕೆಲಸವೆಂದು ಮುನಿಕೆಂಪಮ್ಮನಿಗೆ ಹೊಳೆಯಿತು. ಬಾಯಿ ಬಿಟ್ಟರೆ ಹನ್ನೊಂದು ವರ್ಷದ ಕೆಲಸ ಹೋದೀತು. ಬಿಡದಿದ್ದರೆ ಮದ್ದೇ ಹೋಗುತ್ತದೆ.

"ಎಲ್ಡು ದಿನ ಅನ್ನ ಸೇರ್ಲಿಲ್ಲ. ಆಮ್ಯಾಕೆ ಓಗಿ, ಮೇಡಮ್ಮೋರೆ, ಮದ್ದಿಂದೇನೂ ತಪ್ಪಿಲ್ಲ, ತಪ್ಪು ನಂದು ಅಂದ್ಬುಟ್ಟೆ."

ಪದ್ಮಶ್ರೀ ಬೈದರು. ಬೈಯದೆ ಇರುತ್ತಾರೆಯೇ, ಮೂರು ತಿಂಗಳ ದುಡಿಮೆ ನೀರುಪಾಲು. ಆದರೆ ಕೆಲಸದಿಂದ ತೆಗೆಯಲಿಲ್ಲ. "ಅವ್ರು ಸುಮ್ನಿದ್ದಿದ್ರೆ ಒಳ್ಳೇ ಮದ್ದನ್ನ ನಾನೇ ಕಸಕ್ಕೆ ಹಾಕ್ಬಿಡ್ತಿದ್ದೆ ಕಣ್ರೀ" ಎನ್ನುತ್ತಾರೆ ಈಗ. ಎರಡನೇ ಸಲ, ಹತ್ತಿಯಿಲ್ಲದೆ ಅಳೆದಾಗ, ಮದ್ದು ಪಡೆದ ಇಲಿಗಳ ಕಾಲಲ್ಲಿ ಹೊಸ ನಾಳ ಚಿಗುರಿದ್ದು ಕಂಡಿದೆ. ಮನುಷ್ಯರ ತನಕ ಬರಲು ಇನ್ನೂ ಎಷ್ಟೋ ವರ್ಷ ಬೇಕು. ಆನಂದಪ್ಪನವರ ಬಲಗಾಲು ಅಲ್ಲಿಯವರೆಗೆ ಉಳಿಯದಿರಬಹುದು. ಅದು ಮುನಿಕೆಂಪಮ್ಮನಿಗೂ ಗೊತ್ತು.

"ಈಗ ತಣ್ಣಗಿರೋ ಕಾಲ ತಣ್ಣಗೇ ಬುಡ್ತೀನಿ. ಸಂಕ್ಟ ಆಯ್ತದೆ" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಮನೆಗೋಗಿ ನಮ್ ಯಜಮಾನ್ರ ಕಾಲ ಮಡ್ಲಲ್ಲಿ ಇಟ್ಕಂಡು ಉಜ್ತೀನಿ. ಅಲ್ಲಿ ಎಷ್ಟ್ ಬೆಚ್ಚಗೆ ಮಾಡುದ್ರೂ ಯಾರ್ ಲೆಕ್ಕನೂ ತಪ್ಪಲ್ಲ."